ಸಿನಿಮಾ ಕೊಟ್ಟ ಮೊದಲ ಹಿಟ್ ಯಾರ ಪಾಲಿಗೆ?

2025ರ ಆಗಸ್ಟ್‌ನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಎಂಬ ವಾರದ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೆ ಏರಿದ್ದು ಇಲ್ಲದೇ ಇರುವ ಒಂದು ತಂಡ. ಹೆಸರು ಹಂಟ್ರಿಕ್ಸ್. ಆ ವರ್ಷ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ‘ಕೆಪಾಪ್ ಡೀಮನ್ ಹಂಟರ್ಸ್’ ಎಂಬ ಆನಿಮೇಷನ್ ಸಿನಿಮಾದ ಮೂವರು ಹುಡುಗಿಯರ ತಂಡ ಅದು. ಹಾಡುವುದು ಅವರ ಕೆಲಸ, ದೆವ್ವಗಳನ್ನು ಬಡಿಯುವುದು ಅವರ ಗುಟ್ಟು. ಹಾಡಿನ ಹೆಸರು ‘ಗೋಲ್ಡನ್’. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಇದನ್ನು ನಿಮಗೆ ಪರಿಚಯ ಮಾಡಿಕೊಡುವ ಅಗತ್ಯವೇ ಇಲ್ಲ. ಆ ಎತ್ತರದ ಸ್ವರ ಬಂದಾಗ ಎಲ್ಲರ ಗಂಟಲೂ ಕೈಕೊಡುತ್ತದೆ ಅನ್ನುವುದೂ ನಿಮಗೆ ಗೊತ್ತಿರುತ್ತದೆ.

ತೆರೆಯ ಮೇಲೆ ಹಾಡುವುದು ರೂಮಿ ಎಂಬ ಪಾತ್ರ. ನಿಜವಾಗಿ ಹಾಡಿದವರು ಈಜೇ, ಜೊತೆಗೆ ಆಡ್ರಿ ನೂನಾ ಮತ್ತು ರೇ ಆಮಿ. ಈಜೇ ಅವರ ಕಥೆ ಸ್ವಲ್ಪ ಬೇರೆ. ಕೊರಿಯಾದ ಎಸ್‌ಎಂ ಎಂಟರ್‌ಟೈನ್‌ಮೆಂಟ್ ಕಂಪನಿಗೆ ಅವರು 11ನೇ ವಯಸ್ಸಿಗೇ ತರಬೇತಿಗೆ ಸೇರಿದ್ದರು. ಹತ್ತು ವರ್ಷಕ್ಕೂ ಮೇಲೆ ಕಲಿತರು. ಆದರೂ ಯಾವ ತಂಡದಲ್ಲೂ ಹಾಡಲು ಅವಕಾಶ ಸಿಗಲೇ ಇಲ್ಲ. ಕೊನೆಗೆ ಬೇರೆಯವರಿಗೆ ಹಾಡು ಕಟ್ಟಿಕೊಡುವ ಕೆಲಸಕ್ಕೆ ಇಳಿದರು. ಈ ಸಿನಿಮಾಕ್ಕೂ ಬಂದದ್ದು ಹಾಡು ಬರೆಯಲಿಕ್ಕೇ. ಬರೆದ ಹಾಡಿಗೆ ಮಾದರಿ ದನಿ ಕೊಡುತ್ತಿದ್ದರು. ಆ ದನಿಯೇ ಚೆನ್ನಾಗಿದೆ ಅಂತ ಅವರನ್ನೇ ರೂಮಿಯ ಹಾಡುದನಿಯಾಗಿ ಉಳಿಸಿಕೊಂಡರು. ನಮ್ಮ ಸ್ಟುಡಿಯೋಗಳಲ್ಲಿ ‘ಟ್ರ್ಯಾಕ್ ಹಾಡೋದು’ ಅಂತಾರಲ್ಲ, ಹೆಚ್ಚುಕಡಿಮೆ ಅದೇ.

ಹೀಗೆ ಮೂವತ್ತು ದಾಟಿದ ಮೇಲೆ ಒಬ್ಬರಿಗೆ ಹಾಡುಗಾರ್ತಿಯಾಗಿ ಮೊದಲ ಹಿಟ್ ಸಿಕ್ಕಿತು. ಆದರೆ ಅದು ಸಿಕ್ಕಿದ್ದು ಒಂದು ಚಿತ್ರಿಸಿದ ಮುಖದ ಹೆಸರಿನಲ್ಲಿ. ಹಾಗಾದರೆ ಆ ಹಿಟ್ ಯಾರದು? ಹಾಡಿದವರದೋ, ಬರೆದವರದೋ, ಸಿನಿಮಾದ್ದೋ, ಕಂಪನಿಯದೋ? ಸಿನಿಮಾ ಒಂದು ಹಾಡಿಗೆ ಕೋಟಿಗಟ್ಟಲೆ ಕಿವಿಗಳನ್ನು ತಂದುಕೊಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಸಿನಿಮಾ ಹಳೆಯದಾದ ಮೇಲೆ ಹಾಡಿದವರ ಕೈಯಲ್ಲಿ ಏನು ಉಳಿಯುತ್ತದೆ ಅನ್ನುವುದು ಬೇರೆಯದೇ ಲೆಕ್ಕ. ನನ್ನ ಪ್ರಕಾರ ಅದು ಬಹುಪಾಲು ತೀರ್ಮಾನವಾಗುವುದು ಸಿನಿಮಾ ಬಿಡುಗಡೆಗೆ ಮೊದಲೇ. ಹಾಡು ಬರೆದವರು ಯಾರು, ಯಾವ ಕಾಗದಕ್ಕೆ ಸಹಿ ಬಿದ್ದಿದೆ, ಯಾರ ಹೆಸರಿನಲ್ಲಿ ಹೊರಬರುತ್ತಿದೆ ಎಂಬುದರ ಮೇಲೆ. ಇದನ್ನು ನೋಡಲು ಮೂವತ್ತು ವರ್ಷ ಹಿಂದಿನ ಒಂದು ಹಾಡಿಗೆ ಹೋಗಬೇಕು.

ಲೀಸಾ ಲೋಬ್ ಟೆಕ್ಸಸ್‌ನ ಡಲ್ಲಾಸ್‌ನಲ್ಲಿ ಬೆಳೆದವರು. ಬ್ರೌನ್ ವಿಶ್ವವಿದ್ಯಾಲಯದಲ್ಲಿ ಓದಿದರು. ಆಮೇಲೆ ನ್ಯೂಯಾರ್ಕ್‌ಗೆ ಬಂದು ಸಣ್ಣ ಸಣ್ಣ ಜಾಗಗಳಲ್ಲಿ ಗಿಟಾರ್ ಹಿಡಿದು ಹಾಡುತ್ತಿದ್ದರು. ತಮ್ಮ ಹಾಡುಗಳ ಒಂದು ಕ್ಯಾಸೆಟ್ ಮಾಡಿಸಿ ಕಾರ್ಯಕ್ರಮ ಮುಗಿದ ಮೇಲೆ ಮಾರುತ್ತಿದ್ದರು. ನೈನ್ ಸ್ಟೋರೀಸ್ ಅಂತ ಒಂದು ತಂಡ ಕಟ್ಟಿಕೊಂಡಿದ್ದರು. ಅಂಥವರು ನ್ಯೂಯಾರ್ಕ್‌ನಲ್ಲಿ ಆಗಲೂ ನೂರಾರು ಜನ ಇದ್ದರು, ಈಗಲೂ ಇದ್ದಾರೆ. ವ್ಯತ್ಯಾಸ ಮಾಡಿದ್ದು ಅಕ್ಕಪಕ್ಕದ ಮನೆ. ನಟ ಈಥನ್ ಹಾಕ್ ಅದೇ ಬೀದಿಯಲ್ಲಿ ಇದ್ದರು, ಗೆಳೆಯರೂ ಆಗಿದ್ದರು. ಅವರು ಬೆನ್ ಸ್ಟಿಲ್ಲರ್ ನಿರ್ದೇಶನದ ಮೊದಲ ಸಿನಿಮಾ ‘ರಿಯಾಲಿಟಿ ಬೈಟ್ಸ್’ನಲ್ಲಿ ನಟಿಸುತ್ತಿದ್ದರು. ಲೀಸಾ ಅವರ ‘ಸ್ಟೇ’ ಹಾಡಿನ ಟೇಪ್ ಹಾಕ್ ಕೈಯಿಂದ ಸ್ಟಿಲ್ಲರ್ ಕೈಗೆ ಹೋಯಿತು. ಸಿನಿಮಾ ಮುಗಿದು ಹೆಸರುಗಳು ಓಡುವಾಗ ಆ ಹಾಡು ಕೇಳಿಬಂತು. ಜನ ಸೀಟು ಬಿಟ್ಟು ಏಳುವ ಹೊತ್ತಿನ ಜಾಗ ಅದು, ಅಂಥ ದೊಡ್ಡ ಮರ್ಯಾದೆಯ ಜಾಗವೇನೂ ಅಲ್ಲ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಆ ಹಾಡು ಸಿನಿಮಾಕ್ಕಾಗಿ ಬರೆದದ್ದಲ್ಲ. ಸಿನಿಮಾಕ್ಕಿಂತ ಕೆಲವು ವರ್ಷ ಮೊದಲೇ ಲೀಸಾ ಬರೆದಿಟ್ಟಿದ್ದರು. ಕಥೆಯ ಯಾವ ಪಾತ್ರಕ್ಕೂ ಅದು ಅಂಟಿಕೊಂಡಿರಲಿಲ್ಲ. ಯಾವ ನಟಿಯೂ ಅದಕ್ಕೆ ತುಟಿ ಆಡಿಸಲಿಲ್ಲ.

ಸಿನಿಮಾ 1994ರ ಫೆಬ್ರುವರಿಯಲ್ಲಿ ಬಂತು. ಅಂಥಾ ಭರ್ಜರಿ ಓಟವೇನೂ ಅಲ್ಲ. ಹಾಡು ಮಾತ್ರ ನಿಧಾನಕ್ಕೆ ರೇಡಿಯೋ ಹಿಡಿಯಿತು. ಆರ್‌ಸಿಎ ಕಂಪನಿ ಸಿನಿಮಾದ ಹಾಡುಗಳ ಆಲ್ಬಮ್ ತಂದಿತ್ತು, ‘ಸ್ಟೇ’ಯನ್ನು ಬಿಡಿ ಹಾಡಾಗಿಯೂ ಬಿಡುಗಡೆ ಮಾಡಿತು. ಆಗಸ್ಟ್ ಮೊದಲ ವಾರಕ್ಕೆ ಅದು ನಂಬರ್ ಒನ್. ಮೂರು ವಾರ ಅಲ್ಲೇ ನಿಂತಿತು. ಆ ಮೂರು ವಾರದ ಹಿಂದುಮುಂದು ನೋಡಿದರೆ ತಮಾಷೆಯಾಗಿದೆ. ಅದಕ್ಕೆ ಮೊದಲು ಆಲ್-ಫೋರ್-ಒನ್ ತಂಡದ ಪ್ರೇಮಗೀತೆ 11 ವಾರ ಕೂತಿತ್ತು. ಅದರ ನಂತರ ಬಾಯ್ಸ್ ಟು ಮೆನ್ ಬಂದು 14 ವಾರ ಕೂತರು. ಎರಡೂ ದೊಡ್ಡ ಕಂಪನಿಗಳು ಹಿಂದೆ ನಿಂತು ನೂಕಿದ ಹಾಡುಗಳು. ನಡುವೆ ಒಂದು ಗಿಟಾರ್, ಒಂದು ದನಿ, ಸರಿಯಾದ ಪಲ್ಲವಿಯೂ ಇಲ್ಲದ ಒಂದು ಹಾಡು. ಹಾಡಿದವರ ಕೈಯಲ್ಲಿ ಯಾವ ರೆಕಾರ್ಡ್ ಕಂಪನಿಯ ಒಪ್ಪಂದವೂ ಇಲ್ಲ! ಒಪ್ಪಂದವೇ ಇಲ್ಲದೆ ಹಾಟ್ 100ರಲ್ಲಿ ಮೊದಲ ಸ್ಥಾನ ಮುಟ್ಟಿದ ಮೊದಲ ಕಲಾವಿದೆ ಅಂತ ಅವರ ಹೆಸರು ದಾಖಲಾಗಿದೆ.

ಇನ್ನು ವಿಡಿಯೋ. ಅದನ್ನು ನಿರ್ದೇಶಿಸಿದ್ದೂ ಈಥನ್ ಹಾಕ್. ಒಂದು ಖಾಲಿ ಅಪಾರ್ಟ್‌ಮೆಂಟ್. ಕಿಟಕಿಯಿಂದ ಬೆಳಕು. ಕನ್ನಡಕ ಹಾಕಿಕೊಂಡ ಲೀಸಾ ಕೋಣೆಯಿಂದ ಕೋಣೆಗೆ ನಡೆಯುತ್ತಾ, ಒಮ್ಮೆ ಕುಕ್ಕರುಗಾಲಲ್ಲಿ ಕೂರುತ್ತಾ, ನೇರ ಕ್ಯಾಮೆರಾಗೇ ಹಾಡುತ್ತಾರೆ. ಕಟ್ ಇಲ್ಲ, ಒಂದೇ ಶಾಟ್. ಪಕ್ಕದಲ್ಲಿ ಒಂದು ಬೆಕ್ಕು, ತನಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ ಕೂತಿದೆ. ಸಿನಿಮಾದ ಜೊತೆ ಬಂದ ಹಾಡು, ಸಿನಿಮಾದ ನಟನೇ ನಿರ್ದೇಶಿಸಿದ್ದು. ಆದರೂ ನಮಗೆ ನೆನಪಲ್ಲಿ ಉಳಿಯುವುದು ಹಾಡಿದವರ ಮುಖ. ಜನ ಆ ಹಾಡನ್ನು ಅವರ ಕನ್ನಡಕದ ಜೊತೆ ಗುರುತಿಟ್ಟುಕೊಂಡರು. ಮುಂದೆ ಅವರು ತಮ್ಮ ಹೆಸರಿನ ಕನ್ನಡಕದ ಫ್ರೇಮುಗಳನ್ನೇ ಮಾರುಕಟ್ಟೆಗೆ ತಂದರು. ಸಿನಿಮಾ ಹಾಡೊಂದು ಹಾಡುಗಾರ್ತಿಯ ಮುಖಕ್ಕೆ ಇಷ್ಟು ಬಲ ಕೊಟ್ಟದ್ದು ಅಪರೂಪ.

ಲೀಸಾ ಆಮೇಲೆ ಗೆಫನ್ ಎಂಬ ರೆಕಾರ್ಡ್ ಕಂಪನಿಯ ಜೊತೆ ಸಹಿ ಹಾಕಿದರು. ಮೊದಲ ಸ್ಥಾನದ ಹಾಡು ಕೈಯಲ್ಲಿ ಹಿಡಿದುಕೊಂಡು ಒಪ್ಪಂದಕ್ಕೆ ಕೂರುವುದು ಹೊಸಬರಿಗೆ ಸಾಮಾನ್ಯವಾಗಿ ಸಿಗದ ಭಾಗ್ಯ. ಹೊಸಬರು ಮಾಮೂಲಾಗಿ ಏನೂ ಇಲ್ಲದೆ ಕೂರುತ್ತಾರೆ, ಕೊಟ್ಟದ್ದಕ್ಕೆ ತಲೆಯಾಡಿಸುತ್ತಾರೆ. 1995ರಲ್ಲಿ ಬಂದ ಅವರ ‘ಟೇಲ್ಸ್’ ಆಲ್ಬಮ್‌ನಲ್ಲಿ ‘ಸ್ಟೇ’ ಕೂಡ ಇತ್ತು. ಅಂದರೆ ಸಿನಿಮಾದ ಹಾಡು ಅವರ ಸ್ವಂತ ಆಲ್ಬಮ್‌ಗೆ ಮರಳಿ ಬಂತು. ಮತ್ತೊಂದು ನಂಬರ್ ಒನ್ ಅವರಿಗೆ ಸಿಗಲಿಲ್ಲ ಅನ್ನುವುದೂ ನಿಜ. ಅದನ್ನೇ ಹಿಡಿದು ‘ಒಂದೇ ಹಾಡಿನ ಗಾಯಕಿ’ ಅಂತ ಪಟ್ಟಿ ಮಾಡುವವರು ಇದ್ದಾರೆ. ನನಗೆ ಆ ಮಾತು ಅಷ್ಟು ಸರಿ ಅನ್ನಿಸುವುದಿಲ್ಲ. ಆಮೇಲೂ ಅವರ ಹಾಡುಗಳು ಮೊದಲ ಇಪ್ಪತ್ತರಲ್ಲಿ ಬಂದಿವೆ. ಮಕ್ಕಳ ಹಾಡುಗಳ ಆಲ್ಬಮ್‌ಗೆ 2018ರಲ್ಲಿ ಗ್ರ್ಯಾಮಿ ಬಂದಿದೆ. ಇವತ್ತಿಗೂ ವೇದಿಕೆಯಲ್ಲಿ ಹಾಡುತ್ತಾರೆ. ಮೂವತ್ತು ವರ್ಷ ಸಂಗೀತದಲ್ಲೇ ಬದುಕು ಮಾಡಿದವರನ್ನು ಒಂದೇ ಹಾಡಿಗೆ ಕಟ್ಟಿಹಾಕುವುದು ಯಾಕೆ?

ಈಗ ಸ್ವಲ್ಪ ದುಡ್ಡಿನ ಮಾತು. ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತದೆ. ಒಂದು, ಬರೆದ ಹಾಡು. ಅಂದರೆ ಸಾಹಿತ್ಯ ಮತ್ತು ರಾಗ. ಇನ್ನೊಂದು, ಅದನ್ನು ಹಾಡಿ ಮುದ್ರಿಸಿದ ರೆಕಾರ್ಡಿಂಗ್. ಸಿನಿಮಾದವರು ಹೊರಗಿನ ಹಾಡೊಂದನ್ನು ಬಳಸಬೇಕಾದರೆ ಎರಡಕ್ಕೂ ಅನುಮತಿ ತೆಗೆದುಕೊಳ್ಳಬೇಕು, ಎರಡಕ್ಕೂ ದುಡ್ಡು ಕೊಡಬೇಕು. ಅಮೆರಿಕದಲ್ಲಿ ಇನ್ನೊಂದು ವಿಚಿತ್ರ ಇದೆ. ಅಲ್ಲಿ ಎಎಂ, ಎಫ್‌ಎಂ ರೇಡಿಯೋದಲ್ಲಿ ಹಾಡು ಬಂದರೆ ಬರೆದವರಿಗೆ ದುಡ್ಡು ಹೋಗುತ್ತದೆ, ಹಾಡಿದವರಿಗೆ ಕಾಸೂ ಇಲ್ಲ. ಎಷ್ಟೋ ಸಲ ಪ್ರಯತ್ನ ನಡೆದರೂ ಈ ನಿಯಮ ಬದಲಾಗಿಲ್ಲ. ಲೀಸಾ ತಮ್ಮ ಹಾಡನ್ನು ತಾವೇ ಬರೆದಿದ್ದರು. ಹಾಗಾಗಿ ರೇಡಿಯೋ ಹಿಡಿದ ಹಾಡು ಅವರಿಗೂ ಸಂಪಾದನೆಯ ದಾರಿ ಆಯಿತು. ಬರೀ ಹಾಡಿದ್ದರೆ ಹೆಸರಷ್ಟೇ.

ಬರೀ ಹಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಐರೀನ್ ಕಾರಾ ಇದ್ದಾರೆ. 1980ರ ‘ಫೇಮ್’ ಸಿನಿಮಾದಲ್ಲಿ ಅವರೇ ನಟಿಸಿ, ಅವರೇ ಹಾಡಿದರು. ಶೀರ್ಷಿಕೆ ಹಾಡು ಅಮೆರಿಕದಲ್ಲಿ ನಾಲ್ಕನೇ ಸ್ಥಾನಕ್ಕೆ ಹೋಯಿತು. ಅದು ಅವರ ಮೊದಲ ದೊಡ್ಡ ಹಿಟ್. ಹಾಡಿಗೆ ಆಸ್ಕರ್ ಬಂದಾಗ ಪ್ರಶಸ್ತಿ ಹಿಡಿದವರು ಮೈಕಲ್ ಗೋರ್ ಮತ್ತು ಡೀನ್ ಪಿಚ್‌ಫರ್ಡ್. ಆಸ್ಕರ್‌ನಲ್ಲಿ ಈ ಪ್ರಶಸ್ತಿ ಹಾಡು ಕಟ್ಟಿದವರಿಗೆ ಮಾತ್ರ. ಮೂರು ವರ್ಷದ ನಂತರ ‘ಫ್ಲಾಶ್‌ಡಾನ್ಸ್’ ಹಾಡಿನ ಸಾಹಿತ್ಯದಲ್ಲಿ ಕಾರಾ ಅವರ ಕೈಯೂ ಇತ್ತು, ಆಗ ಅವರಿಗೂ ಆಸ್ಕರ್ ಸಿಕ್ಕಿತು. ಅಷ್ಟಾದರೂ ರಾಯಲ್ಟಿ ಬರಲಿಲ್ಲ ಅಂತ 1985ರಲ್ಲಿ ತಮ್ಮ ರೆಕಾರ್ಡ್ ಕಂಪನಿಯ ಮೇಲೆ ಕೇಸು ಹಾಕಬೇಕಾಯಿತು. ಕ್ಯಾಲಿಫೋರ್ನಿಯಾದ ಜ್ಯೂರಿ 15 ಲಕ್ಷ ಡಾಲರ್ ಕೊಡಬೇಕು ಅಂತ ಹೇಳಿದ್ದು 1993ರಲ್ಲಿ. ಎಂಟು ವರ್ಷ! ಕೋರ್ಟಿಗೆ ಹೋದವಳು ಅನ್ನುವ ಕಾರಣಕ್ಕೆ ತನಗೆ ಅವಕಾಶಗಳೇ ಮುಚ್ಚಿಹೋದವು ಅಂತ ಅವರು ಹೇಳಿಕೊಂಡಿದ್ದಾರೆ. ದನಿ ತಾರಕಕ್ಕೆ ಏರುವ ವಯಸ್ಸೆಲ್ಲ ಹಾಗೇ ಕಳೆಯಿತು. 2022ರಲ್ಲಿ ತೀರಿಕೊಂಡರು.

ಇನ್ನೊಂದು ಸಣ್ಣ ವಿಷಯ, ಈಗಿನವರಿಗೆ ಅಷ್ಟು ಗೊತ್ತಿರುವುದಿಲ್ಲ. 1998ರ ಕೊನೆಯವರೆಗೂ ಅಂಗಡಿಯಲ್ಲಿ ಬಿಡಿಯಾಗಿ ಮಾರಾಟಕ್ಕೆ ಇಟ್ಟ ಹಾಡು ಮಾತ್ರ ಹಾಟ್ 100 ಪಟ್ಟಿಗೆ ಸೇರುತ್ತಿತ್ತು. ಬಿಡಿ ಹಾಡು ಕೊಟ್ಟರೆ ಪೂರ್ತಿ ಸಿನಿಮಾ ಆಲ್ಬಮ್ ಯಾರು ಕೊಳ್ಳುತ್ತಾರೆ ಅಂತ ಎಷ್ಟೋ ಕಂಪನಿಗಳು ಬಿಡಿ ಹಾಡು ಮಾರುತ್ತಲೇ ಇರಲಿಲ್ಲ. 1998ರ ‘ಸಿಟಿ ಆಫ್ ಏಂಜಲ್ಸ್’ ಸಿನಿಮಾಕ್ಕೆ ಗೂ ಗೂ ಡಾಲ್ಸ್ ತಂಡ ಹಾಡಿದ ಹಾಡು ರೇಡಿಯೋ ಪಟ್ಟಿಯಲ್ಲಿ 18 ವಾರ ಮೊದಲ ಸ್ಥಾನದಲ್ಲಿತ್ತು. ಹಾಟ್ 100ರಲ್ಲಿ ಮಾತ್ರ ನಿಯಮ ಬದಲಾಗುವವರೆಗೆ ಅದರ ಸುಳಿವೇ ಇಲ್ಲ. ‘ಸ್ಟೇ’ಗೂ ಹೀಗೆ ಆಗಿದ್ದರೆ ಲೀಸಾ ಅವರ ದಾಖಲೆಯೇ ಇರುತ್ತಿರಲಿಲ್ಲ. ಚಾರ್ಟ್ ಅನ್ನುವುದು ಜನರ ಮೆಚ್ಚುಗೆಯ ಅಳತೆ ಅಂತ ನಂಬುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಈಗ ಆ ತಾಪತ್ರಯ ಇಲ್ಲ. ಸಿನಿಮಾ ನೋಡಿ ಮುಗಿಸಿದ ಐದು ನಿಮಿಷಕ್ಕೆ ಹಾಡು ಫೋನಿನಲ್ಲಿರುತ್ತದೆ. ಎಷ್ಟು ಸಲ ಕೇಳಿದರು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ‘ಗೋಲ್ಡನ್’ ಒಟ್ಟು ಎಂಟು ವಾರ ಮೊದಲ ಸ್ಥಾನದಲ್ಲಿ ಇದ್ದದ್ದಕ್ಕೆ ಇದೂ ಒಂದು ಕಾರಣ. ಮಕ್ಕಳು ಒಂದೇ ಹಾಡನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತಾರೆ, ಮನೆಯವರಿಗೆ ಬೇಜಾರಾದರೂ ಅವರಿಗೆ ಆಗುವುದಿಲ್ಲ. ಆದರೆ ಹಾಡಿನ ಕೆಳಗೆ ಮೊದಲು ಕಾಣುವುದು ಹಂಟ್ರಿಕ್ಸ್ ಎಂಬ ಹೆಸರು. ಆಮೇಲೆ ಮೂವರು ಗಾಯಕಿಯರದು. ಅಭಿಮಾನಿ ಹಿಂಬಾಲಿಸುವುದು ಆ ತಂಡವನ್ನು. ತಂಡಕ್ಕೆ ವಯಸ್ಸಾಗುವುದಿಲ್ಲ, ಸಂಬಳ ಜಾಸ್ತಿ ಕೇಳುವುದಿಲ್ಲ, ಒಪ್ಪಂದ ಮುರಿದು ಬೇರೆ ಕಡೆ ಹೋಗುವುದಿಲ್ಲ. ಕಂಪನಿಗಳಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಹಾಗಂತ ಈಜೇ ಅವರನ್ನು ಪಾಪ ಅನ್ನಬೇಕಾಗಿಲ್ಲ. ಅವರು ‘ಗೋಲ್ಡನ್’ ಬರೆದವರಲ್ಲಿ ಒಬ್ಬರು. ಹಲ್ಲಿನ ಡಾಕ್ಟರ ಹತ್ತಿರ ಹೋಗುವ ದಾರಿಯಲ್ಲಿ ಅದರ ರಾಗ ಹೊಳೆಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಹಾಗಾಗಿ ಪಾತ್ರಕ್ಕೆ ಮುಖ ಹೋದರೂ ಹಾಡಿನ ಮೊದಲನೇ ಆಸ್ತಿಯಲ್ಲಿ ಅವರಿಗೆ ಪಾಲು ಇದೆ. ಟಿವಿ ಕಾರ್ಯಕ್ರಮಗಳಲ್ಲಿ ಮೂವರೂ ತಮ್ಮ ಮುಖದಲ್ಲೇ ನಿಂತು ಹಾಡಿದರು. 2025ರ ಅಕ್ಟೋಬರ್‌ನಲ್ಲಿ ಈಜೇ ತಮ್ಮ ಹೆಸರಿನಲ್ಲೇ ಒಂದು ಸೋಲೋ ಹಾಡು ಬಿಡುಗಡೆ ಮಾಡಿದರು. ಸಿನಿಮಾದ ಅಭಿಮಾನಿಗಳಲ್ಲಿ ಎಷ್ಟು ಜನ ಆ ಕಡೆ ಬರುತ್ತಾರೆ ಅನ್ನುವುದು ಒಂದೆರಡು ಆಲ್ಬಮ್ ಬಂದ ಮೇಲೆಯೇ ತಿಳಿಯುವ ಮಾತು. ಲೀಸಾ ಅವರಿಗೆ ಇದ್ದ ಒಂದು ಅನುಕೂಲ ಇವರಿಗಿಲ್ಲ. ‘ಸ್ಟೇ’ ಕೇಳಿದವರು ಹುಡುಕಿಕೊಂಡು ಹೋದರೆ ನೇರ ಹಾಡಿದವರ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಇಲ್ಲಿ ನಡುವೆ ರೂಮಿ ನಿಂತಿದ್ದಾಳೆ.

ನಡುವೆ ಇನ್ನೊಬ್ಬರು ನಿಲ್ಲುವುದು ನಮಗೆ ಹೊಸದೇ ಅಲ್ಲ, ಅಲ್ವಾ? ಹಿನ್ನೆಲೆ ಗಾಯನ ಅಂದರೇ ಅದು. ಕನ್ನಡದಲ್ಲಿ ಹೊಸ ಗಾಯಕ ಅಥವಾ ಗಾಯಕಿಯ ಮೊದಲ ಹಿಟ್ ಬಹುಮಟ್ಟಿಗೆ ಸಿನಿಮಾದಿಂದಲೇ ಬರುತ್ತದೆ. ಲಿರಿಕಲ್ ವಿಡಿಯೋ ಬಿಡುತ್ತಾರೆ. ಹೀರೋ ಫೋಟೋ ದೊಡ್ಡದಾಗಿ ಬರುತ್ತದೆ, ಸಾಲುಗಳು ಒಂದೊಂದೇ ಓಡುತ್ತವೆ. ಹಾಡಿದವರ ಹೆಸರು ಶುರುವಿನಲ್ಲಿ ಒಂದು ಸಲ ಮಿನುಗಿ ಹೋಗುತ್ತದೆ, ಇಲ್ಲವೇ ಕೆಳಗೆ ವಿವರಣೆಯಲ್ಲಿ ಇರುತ್ತದೆ. ಅದನ್ನು ತೆರೆದು ನೋಡುವವರು ಎಷ್ಟು ಜನ? ಎಫ್‌ಎಂನಲ್ಲೂ ‘ಈ ಸಿನಿಮಾದ ಹಾಡು’ ಅಂತಲೇ ಹೇಳುತ್ತಾರೆ. ನಿರ್ಮಾಪಕರು ಆಡಿಯೋ ರೈಟ್ಸ್ ಅನ್ನು ಕಂಪನಿಗೆ ಮಾರಿರುತ್ತಾರೆ. ಹೊಸಬರಿಗೆ ಬರುವುದು ಒಂದೇ ಸಲದ ಸಂಭಾವನೆ. ಅವರು ನಿಜವಾಗಿ ನೆಚ್ಚಿಕೊಳ್ಳುವುದು ವೇದಿಕೆಯನ್ನು. ಗಣೇಶೋತ್ಸವ, ನವೆಂಬರ್ ತಿಂಗಳ ರಾಜ್ಯೋತ್ಸವ ಕಾರ್ಯಕ್ರಮಗಳು, ಹೊರದೇಶದ ಕನ್ನಡ ಕೂಟಗಳು. ಅಲ್ಲಿ ಕರೆಯುವುದು ಆ ಒಂದು ಹಾಡಿನ ಬಲದ ಮೇಲೆ.

ಕಾನೂನು ನಮ್ಮಲ್ಲಿ ಅಮೆರಿಕಕ್ಕಿಂತ ಒಂದು ಹೆಜ್ಜೆ ಮುಂದೆಯೇ ಇದೆ ಅಂದರೆ ನಂಬುವುದು ಕಷ್ಟ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂತು. ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಅದಕ್ಕಾಗಿ ಜೋರಾಗಿ ವಾದಿಸಿದ್ದರು. ಗೀತರಚನೆಕಾರರು ಮತ್ತು ಸಂಗೀತ ನಿರ್ದೇಶಕರ ರಾಯಲ್ಟಿ ಪಾಲನ್ನು ಯಾವ ಒಪ್ಪಂದವೂ ಕಿತ್ತುಕೊಳ್ಳುವ ಹಾಗಿಲ್ಲ ಅಂತ ಅದು ಹೇಳುತ್ತದೆ. ಹಾಡಿದವರಿಗೂ 38ಎ ಸೆಕ್ಷನ್ನಿನಲ್ಲಿ ಒಂದು ಮಾತಿದೆ. ತಮ್ಮ ಹಾಡನ್ನು ಸಿನಿಮಾದಲ್ಲಿ ಸೇರಿಸಲು ಬರಹದಲ್ಲಿ ಒಪ್ಪಿಗೆ ಕೊಟ್ಟ ಮೇಲೆ ನಿರ್ಮಾಪಕರು ಅದನ್ನು ಬಳಸುವುದಕ್ಕೆ ಅಡ್ಡಿ ಮಾಡುವಂತಿಲ್ಲ. ಆದರೆ ವಾಣಿಜ್ಯ ಬಳಕೆಯಾದಾಗ ರಾಯಲ್ಟಿ ಕೇಳುವ ಹಕ್ಕು ಉಳಿಯುತ್ತದೆ. ಅದನ್ನು ವಸೂಲಿ ಮಾಡಲೆಂದೇ ಗಾಯಕರು ಸೇರಿ 2013ರಲ್ಲಿ ಇಸ್ರಾ ಎಂಬ ಸಂಸ್ಥೆ ಕಟ್ಟಿಕೊಂಡರು. ರಾಕೆಟ್ ಬಿಡುವ ಇಸ್ರೋ ಬೇರೆ, ಇದು ಬೇರೆ. ಕಾಯ್ದೆಯಲ್ಲಿ ಹಕ್ಕಿದೆ ಅಂದ ಮಾತ್ರಕ್ಕೆ ಮೊದಲ ಹಾಡು ಹಾಡಲು ಬಂದ ಹುಡುಗಿ ಮೈಕ್ ಮುಂದೆ ನಿಂತು ‘ಸರ್, ನನ್ನ ರಾಯಲ್ಟಿ’ ಅನ್ನುವುದಿಲ್ಲ. ಹಾಗೆ ಕೇಳಿದರೆ ಮುಂದಿನ ಸಲ ಫೋನ್ ಬರುತ್ತದೋ ಇಲ್ಲವೋ ಅನ್ನುವ ಭಯ ಇದ್ದೇ ಇರುತ್ತದೆ.

ಇದಕ್ಕೆ ಎದುರಾಗಿ ನಿಲ್ಲುವ ಒಂದು ಕನ್ನಡದ ಉದಾಹರಣೆ ಇದೆ. 2008ರಲ್ಲಿ ‘ಸೈಕೋ’ ಅಂತ ಒಂದು ಸಿನಿಮಾ ಬಂತು. ಸಂಗೀತ ಕೊಟ್ಟವರು ರಘು ದೀಕ್ಷಿತ್, ಸಿನಿಮಾಕ್ಕೆ ಅವರಿಗದು ಮೊದಲು. ‘ನಿನ್ನ ಪೂಜೆಗೆ ಬಂದೆ ಮಾದೇಶ್ವರಾ’ ಹಾಡನ್ನು ಕಟ್ಟಿದ್ದೂ ಅವರೇ, ಹಾಡಿದ್ದೂ ಅವರೇ. ಇವತ್ತು ಆ ಸಿನಿಮಾದ ಕಥೆ ಕೇಳಿದರೆ ಎಷ್ಟು ಜನ ಹೇಳುತ್ತಾರೋ ಗೊತ್ತಿಲ್ಲ. ಹಾಡು ಮಾತ್ರ ಎಲ್ಲರಿಗೂ ಬಾಯಿಪಾಠ. ಅದೇ ವರ್ಷ ಅವರ ತಂಡದ ಸ್ವಂತ ಆಲ್ಬಮ್ ಕೂಡ ಬಂದಿತ್ತು. ಎರಡು ವರ್ಷಕ್ಕೆ ಬಿಬಿಸಿಯ ಸಂಗೀತ ಕಾರ್ಯಕ್ರಮದಲ್ಲಿ ಲುಂಗಿ ಉಟ್ಟು, ಗೆಜ್ಜೆ ಕಟ್ಟಿ ಹಾಡಿದರು. ಅಂದರೆ ಸಿನಿಮಾ ಹಾಡು ಬಂದಾಗ ಅದನ್ನು ಹೊತ್ತುಕೊಂಡು ಹೋಗಲು ಅವರಿಗೆ ತಮ್ಮದೇ ತಂಡ, ತಮ್ಮದೇ ವೇದಿಕೆ, ತಮ್ಮದೇ ವೇಷ ಆಗಲೇ ಸಿದ್ಧವಿತ್ತು. ಅದಿಲ್ಲದವರು ಸಿನಿಮಾದ ಹಿಂದೆಯೇ ಹೋಗಬೇಕಾಗುತ್ತದೆ.

ಹೊಸಬರಿಗೆ ಇದ್ದ ಇನ್ನೊಂದು ಬಾಗಿಲು ಟ್ರ್ಯಾಕ್. ದೊಡ್ಡ ಗಾಯಕರು ಬರುವವರೆಗೆ ಜಾಗ ತುಂಬಲು ಹಾಡಿದ ದನಿಯೇ ಇಷ್ಟವಾಗಿ ಉಳಿದುಹೋದದ್ದು ನಮ್ಮ ಚಿತ್ರರಂಗಗಳಲ್ಲಿ ಎಷ್ಟೋ ಸಲ ಆಗಿದೆ. ಈಗ ಅದಕ್ಕೂ ಒಂದು ತೊಡಕು ಬಂದಿದೆ. 2024ರಲ್ಲಿ ತಮಿಳಿನ ‘ಲಾಲ್ ಸಲಾಂ’ ಸಿನಿಮಾಕ್ಕಾಗಿ ಎ.ಆರ್. ರೆಹಮಾನ್ ತೀರಿಹೋದ ಇಬ್ಬರು ಗಾಯಕರ ದನಿಯನ್ನು ಎಐ ಮೂಲಕ ಮತ್ತೆ ತಂದರು. ಕುಟುಂಬದವರ ಒಪ್ಪಿಗೆ ಪಡೆದು, ಹಣವನ್ನೂ ಕೊಟ್ಟು ಮಾಡಿದರು. ಎಲ್ಲರೂ ಅಷ್ಟು ಅಚ್ಚುಕಟ್ಟಾಗಿ ಮಾಡುತ್ತಾರೆ ಅಂತ ಹೇಳಲಾಗದು. ಈ ತಂತ್ರದಲ್ಲಿ ಒಬ್ಬರು ಹಾಡಿದ್ದನ್ನು ಇನ್ನೊಬ್ಬರ ದನಿಗೆ ಬದಲಿಸಬಹುದು. ಉಸಿರು, ಗಮಕ, ಭಾವ ಎಲ್ಲ ಮೊದಲು ಹಾಡಿದವರದು, ಕೇಳಿಸುವ ಕಂಠ ಮಾತ್ರ ಬೇರೆಯವರದು. ಹಾಗೆ ಹಾಡಿಕೊಟ್ಟ ಟ್ರ್ಯಾಕ್ ಗಾಯಕಿಗೆ ಹಾಡಿನಲ್ಲಿ ಎಷ್ಟು ಪಾಲು, ಹೆಸರು ಎಲ್ಲಿ ಬರಬೇಕು ಅನ್ನುವುದಕ್ಕೆ ನಮ್ಮ ಕಾಯ್ದೆಯಲ್ಲಿ ಸದ್ಯಕ್ಕೆ ಒಂದು ಸಾಲೂ ಇಲ್ಲ.